ಕನ್ನಡದ ಕಿವಿಗೆ ಚೀನೀ ಭಾಷೆ

ಬೆಳಗಾವಿಯಲ್ಲಿ ಚೀನೀ ಭಾಷೆ ಕಲಿಯಬೇಕೆಂದು ಬರುವವರು ಮೊದಲು ಕೇಳುವುದು ಇಂಗ್ಲಿಷಿನ ಬಗ್ಗೆ. “ಅಕ್ಕಾರ, ನಮಗ ಇಂಗ್ಲಿಷ ಅಷ್ಟಕ್ಕಷ್ಟ ಐತ್ರಿ, ಚೀನೀ ಹೆಂಗ ತಲೀಗ ಹತ್ತತೈತಿ?” ಉದ್ಯಮಬಾಗದ ಕಾರ್ಖಾನೆಗಳಲ್ಲಿ ಚೀನಾದ ಯಂತ್ರದ ಮುಂದೆ ದಿನವಿಡೀ ನಿಲ್ಲುವ ಐಟಿಐ ಹುಡುಗರು, ಬಿಡಿಭಾಗ ತರಿಸಿ ಮಾರುವ ಅಂಗಡಿಯವರು, ವೈದ್ಯಕೀಯ ಓದಲು ಅಲ್ಲಿಗೆ ಹೊರಟವರ ತಾಯಿತಂದೆ, ಎಲ್ಲರಲ್ಲೂ ಇದೇ ಅಂಜಿಕೆ. ಇಂಗ್ಲಿಷ್ ಗಟ್ಟಿಯಾದ ಮೇಲೆಯೇ ಉಳಿದ ಪರದೇಶದ ಭಾಷೆಗಳು ಎಂದು ನಮ್ಮಲ್ಲಿ ಯಾರೋ ಬಹಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದಾರೆ.

ನಾನು ಒಂದು ಕಾರ್ಖಾನೆಯ ಖರೀದಿ ವಿಭಾಗ ನೋಡಿಕೊಳ್ಳುವವಳು. ಕೆಲಸಕ್ಕೆ ಬೇಕಾಗಿ ಚೀನೀ ಕಲಿತೆ, ಆಮೇಲೆ ಅದರ ಮೇಲಿನ ಪ್ರೀತಿಗಾಗಿ ಕಲಿಯುತ್ತಾ ಹೋದೆ. ಈಗ ಸಂಜೆ ಹೊತ್ತು ತಿಲಕವಾಡಿಯ ನಮ್ಮ ಮನೆಗೆ ಬಂದವರಿಗೆ ಹೇಳಿಕೊಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದ ಮಾತು ಒಂದಿದೆ: ಕನ್ನಡದವರು ಚೀನೀ ಭಾಷೆಗೆ ಇಂಗ್ಲಿಷನ್ನು ಸುತ್ತಿಕೊಂಡು ಹೋಗಬಾರದು. ಸುತ್ತಿಕೊಂಡು ಹೋದರೆ ದಾರಿ ದೂರವಾಗುವುದಷ್ಟೇ ಅಲ್ಲ, ಉಚ್ಚಾರಣೆ ಮೊದಲ ವಾರದಲ್ಲೇ ಕೆಡುತ್ತದೆ, ಕೆಟ್ಟದ್ದನ್ನು ಆಮೇಲೆ ತಿದ್ದುವುದು ಬಹಳ ಕಷ್ಟ.

ಚೀನೀ ಕಷ್ಟ ಎನ್ನುವ ಹೆಸರಿನ ಹಿಂದೆಯೂ ಇಂಗ್ಲಿಷಿನ ಅಳತೆಯೇ ಇದೆ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಲು ಎಷ್ಟು ಸಮಯ ಹಿಡಿಯುತ್ತದೆಂದು ಲೆಕ್ಕ ಹಾಕಿ ಭಾಷೆಗಳನ್ನು ವರ್ಗ ಮಾಡಿದೆ. ಅದರಲ್ಲಿ ಚೀನೀ ಅತಿ ಕಠಿಣ ವರ್ಗದಲ್ಲಿದೆ: 88 ವಾರ, 2200 ತರಗತಿ ಗಂಟೆ. ಅಂತರ್ಜಾಲದಲ್ಲಿ ಎಲ್ಲರೂ ಈ ಅಂಕಿಯನ್ನೇ ಎತ್ತಿ ಹೇಳುತ್ತಾರೆ. ಆದರೆ ಅದು ಇಂಗ್ಲಿಷ್ ಮನೆಮಾತಾಗಿ ಬೆಳೆದವರಿಗಾಗಿ ಮಾಡಿದ ಲೆಕ್ಕ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಜಾರದಲ್ಲಿ ಹಿಂದಿ ಅಥವಾ ದಖನಿ ಉರ್ದು ಕೇಳಿ ಬೆಳೆದ ಬೆಳಗಾವಿಯ ಹುಡುಗನಿಗೆ ಆ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಕೆಲವು ಕಡೆ ಅವನಿಗೆ ಬಹಳ ಸಲೀಸು. ಕೆಲವು ಕಡೆ ಅವನೂ ಅಷ್ಟೇ ಬೆವರು ಹರಿಸಬೇಕು. ಎಲ್ಲಿ ಸಲೀಸು, ಎಲ್ಲಿ ಬೆವರು ಎಂಬುದು ಮೊದಲೇ ಗೊತ್ತಿದ್ದರೆ ಕಲಿಯುವವನ ಧೈರ್ಯ ಉಳಿಯುತ್ತದೆ.

ಮೊದಲು ಧ್ವನಿ. ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಎನ್ನುತ್ತಾರೆ. 1958ರ ಫೆಬ್ರುವರಿಯಲ್ಲಿ ಚೀನಾದ ರಾಷ್ಟ್ರೀಯ ಜನಪ್ರತಿನಿಧಿ ಸಭೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದನ್ನು ರೂಪಿಸಿದ ಸಮಿತಿಯಲ್ಲಿ ಮುಖ್ಯವಾಗಿ ದುಡಿದವರು ಝೋವ್ ಯೋವ್‌ಕ್ವಾಂಗ್ ಎಂಬ ಅರ್ಥಶಾಸ್ತ್ರಜ್ಞರು. 1906ರಲ್ಲಿ ಹುಟ್ಟಿದ ಅವರು 111 ವರ್ಷ ಬಾಳಿ 2017ರಲ್ಲಿ ತೀರಿಕೊಂಡರು. ಅವರು ಈ ಪದ್ಧತಿಯನ್ನು ಮಾಡಿದ್ದು ಚೀನಾದ ಮಕ್ಕಳು ಓದುಬರಹ ಕಲಿಯಲಿ ಎಂದು. ಅಕ್ಷರಗಳು ನೋಡಲು ಇಂಗ್ಲಿಷಿನವು, ಅವುಗಳ ಬೆಲೆ ಮಾತ್ರ ಬೇರೆ. ಇಂಗ್ಲಿಷ್ ಕಣ್ಣಿನಿಂದ ಪಿನ್‌ಯಿನ್ ಓದುವವರು ಮೊದಲ ಸಾಲಿನಲ್ಲೇ ಎಡವುವುದು ಇದಕ್ಕೇ.

ಪಿನ್‌ಯಿನ್‌ನಲ್ಲಿ ‘ಬಿ’ ಎಂಬ ಅಕ್ಷರ ಕಂಡರೆ ಅದು ನಮ್ಮ ಬ ಅಲ್ಲ, ಪ. ‘ಪಿ’ ಕಂಡರೆ ಅದು ಉಸಿರು ಬೆರೆತ ಪ, ಅಂದರೆ ವರ್ಣಮಾಲೆಯ ನಿಜವಾದ ಫ. ಫಿಲ್ಮು, ಫೋನಿನ ಫ ಅಲ್ಲ. ‘ಡಿ’ ಎಂದರೆ ತ, ‘ಟಿ’ ಎಂದರೆ ಥ. ‘ಜಿ’ ಎಂಬ ಹೆಸರಿನ, ಗಾಡಿಯ ಗ ಬರೆಯುವ ಅಕ್ಷರ ಎಂದರೆ ಕ; ‘ಕೆ’ ಎಂದರೆ ಖ. ‘ಜೆ’ ಎಂದರೆ ಚ, ‘ಕ್ಯೂ’ ಎಂದರೆ ಛ. ಈ ಜೋಡಿಗಳಲ್ಲಿ ಗ, ಜ, ದ, ಬಗಳ ನಾದ ಎಲ್ಲೂ ಇಲ್ಲ. ಜೋಡಿಯ ಎರಡು ಧ್ವನಿಗಳ ನಡುವೆ ಇರುವ ವ್ಯತ್ಯಾಸ ಉಸಿರಿನದು, ಅಂದರೆ ಅಲ್ಪಪ್ರಾಣ ಮಹಾಪ್ರಾಣದ್ದು. ಹಾಗಾಗಿ ಚೀನಾದ ರಾಜಧಾನಿಯ ಹೆಸರು ಅಲ್ಲಿಯವರ ಬಾಯಲ್ಲಿ ಪೇಯ್‌ಚಿಂಗ್ ಎಂದು ಕೇಳುತ್ತದೆ.

ಇಂಗ್ಲಿಷಿನಲ್ಲಿ ಉಸಿರಿನ ಈ ವ್ಯತ್ಯಾಸಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಅದನ್ನು ವಿವರಿಸಲು ಇಂಗ್ಲಿಷ್ ಪಠ್ಯಗಳು ಒಂದಿಡೀ ಅಧ್ಯಾಯ ಬರೆಯುತ್ತವೆ, ಬಾಯಿಯ ಮುಂದೆ ಕಾಗದದ ಚೂರು ಹಿಡಿದು ಅದು ಅಲುಗುತ್ತದೋ ಇಲ್ಲವೋ ನೋಡಿ ಎನ್ನುತ್ತವೆ. ನಮ್ಮಲ್ಲಿ ಒಂದನೆಯ ಇಯತ್ತೆಯ ಮಗುವಿಗೂ ಕ ಖ, ಚ ಛ, ತ ಥ, ಪ ಫ ಬೇರೆ ಬೇರೆ. ದಕ್ಷಿಣದ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣ ಸವೆದಿದೆ ಎನ್ನುತ್ತಾರೆ. ನಮ್ಮ ಕಡೆ ಅದು ದಿನದ ಮಾತಿನಲ್ಲೇ ಜೀವಂತವಾಗಿದೆ: ಛಲೋ, ಖರೇ, ಥಂಡಿ. ಪಾಠ ಶುರುಮಾಡುವಾಗ ನಾನು ಈ ಮೂರು ಮಾತನ್ನೇ ಗಟ್ಟಿಯಾಗಿ ಹೇಳಿಸುತ್ತೇನೆ. ಛಲೋದ ಛ ಗಟ್ಟಿಯಿದ್ದವರಿಗೆ ಚೀನೀ ಏಳು ಎಂಬ ಸಂಖ್ಯೆ, ‘ಛೀ’, ಅಂದೇ ಬರುತ್ತದೆ.

ಒಂದು ಸಂಜೆ ಇಬ್ಬರು ಒಟ್ಟಿಗೆ ಕೂತಿದ್ದರು. ಒಬ್ಬಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಇಂಜಿನಿಯರಿಂಗ್ ಹುಡುಗಿ, ಇನ್ನೊಬ್ಬ ಖಾನಾಪುರದ ಕಡೆಯ ಹಳ್ಳಿಯಿಂದ ಬಂದು ಲೇತ್ ಯಂತ್ರ ನಡೆಸುವವ. ಅವಳು ಪುಸ್ತಕ ನೋಡಿ ಓದುತ್ತಿದ್ದಳು. ಅವನಿಗೆ ರೋಮನ್ ಅಕ್ಷರ ಸರಾಗವಿಲ್ಲ, ಅದಕ್ಕೆ ಧ್ವನಿಮುದ್ರಣ ಕೇಳಿ ತನ್ನ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದ. ಅವನ ಚೀಟಿಯಲ್ಲಿ ಪ, ಫ, ತ, ಥ ಎಲ್ಲವೂ ಜಾಗದಲ್ಲಿ ಸರಿಯಾಗಿ ಕೂತಿದ್ದವು. “ನೀವು ಬ ಅಂತೀರಲ್ರೀ ವೈನಿ, ಅಂವಾ ಪ ಅನ್ನಾಕತ್ತಾನ, ಕೇಳ್ರಿ ಬೇಕಾರ,” ಎಂದು ಅವಳಿಗೆ ತೋರಿಸಿದ. ಇಬ್ಬರೂ ಮತ್ತೆ ಮತ್ತೆ ಕೇಳಿದರು. ಮುಂದಿನ ವಾರದಿಂದ ಅವಳೂ ಕನ್ನಡದಲ್ಲೇ ಬರೆದುಕೊಳ್ಳತೊಡಗಿದಳು.

ಇದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಚೀನಾದ ಮಕ್ಕಳು ವ್ಯಂಜನಗಳನ್ನು ಬಾಯಿಪಾಠ ಮಾಡುವ ಕ್ರಮ ‘ಪೋ, ಫೋ, ಮೋ’ ಎಂದು ತುಟಿಯಿಂದ ಶುರುವಾಗುತ್ತದೆ. ಆಮೇಲೆ ನಾಲಗೆಯ ತುದಿಯ ತ, ಥ, ನ, ಲ. ಆಮೇಲೆ ಗಂಟಲಿನ ಕಡೆಯ ಕ, ಖ. ಉಚ್ಚಾರದ ಸ್ಥಾನ ನೋಡಿ ವರ್ಗ ಮಾಡುವ ಈ ಬುದ್ಧಿ ನಮ್ಮ ಕ-ವರ್ಗ, ಚ-ವರ್ಗಗಳದ್ದೇ. ಬೌದ್ಧ ಧರ್ಮದ ಜೊತೆ ಸಂಸ್ಕೃತದ ವರ್ಣಮಾಲೆಯ ತಿಳಿವಳಿಕೆಯೂ ಚೀನಾಕ್ಕೆ ಹೋಯಿತು. ಅಲ್ಲಿಯ ವಿದ್ವಾಂಸರು ತಮ್ಮ ಭಾಷೆಯ ಪದಗಳ ಮೊದಲಲ್ಲಿ ಬರುವ ಧ್ವನಿಗಳನ್ನು ತುಟಿ, ನಾಲಗೆ, ಹಲ್ಲು, ಗಂಟಲು ಎಂದು ವಿಂಗಡಿಸಿ 36 ಎಂದು ಎಣಿಸಿದರು. ಟಾಂಗ್ ಅರಸುಮನೆತನದ ಕಾಲದ ಷೋವ್‌ವೆನ್ ಎಂಬ ಭಿಕ್ಷುವಿಗೆ ಪರಂಪರೆ ಈ ಕೆಲಸದ ಹಿರಿಮೆ ಕೊಡುತ್ತದೆ. ಇಂಥ ಸಂಬಂಧ ಇರುವಾಗ ನಾವು ‘ಎ ಬಿ ಸಿ ಡಿ’ ಹಿಡಿದುಕೊಂಡು ಆ ಭಾಷೆಗೆ ಹೋಗುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನೂ ಕೆಲವು ಧ್ವನಿಗಳಿವೆ, ಅವುಗಳಿಗೆ ಬೆಳಗಾವಿ-ವಿಜಯಪುರದ ಬಹುಭಾಷೆಯ ಕಿವಿಯೇ ಬೇಕು. ಪಿನ್‌ಯಿನ್‌ನ ‘ಝೆಡ್’ ಕನ್ನಡ ಮಾತ್ರ ಬಲ್ಲವರಿಗೆ ಹೊಸದು. ಆದರೆ ಮರಾಠಿಯ ‘ಚಾಂಗಲಾ’ದಲ್ಲಿ ಬರುವ ಮೊದಲ ಧ್ವನಿ, ಬರೆಯುವುದು ಚ ಎಂದಾದರೂ ನುಡಿಯುವುದು ತ್ಸ ಎಂದು, ಅದೇ ಇದು. ಅದಕ್ಕೇ ಉಸಿರು ಸೇರಿಸಿದರೆ ಪಿನ್‌ಯಿನ್‌ನ ‘ಸಿ’ ಆಯಿತು. ಚೀನೀ ‘ಹ’ ನಮ್ಮ ಹಾಲಿನ ಹ-ಕಾರಕ್ಕಿಂತ ಒರಟು, ಗಂಟಲಿನ ಮೇಲ್ಭಾಗದಲ್ಲಿ ಉಜ್ಜಿ ಬರುತ್ತದೆ. ವಿಜಯಪುರದಲ್ಲಿ ದಖನಿ ಮಾತಾಡುವ ಮನೆಯವರು ‘ಖಬರ್’ ಎನ್ನುವಾಗ ಆ ಉಜ್ಜು ತಾನಾಗಿ ಬರುತ್ತದೆ. ‘ಎಕ್ಸ್’ ಎಂದರೆ ಶ, ‘ಎಸ್ ಎಚ್’ ಎಂದರೆ ಷ. ಮಾತಿನಲ್ಲಿ ನಾವು ಶ ಮತ್ತು ಷ ಕಲೆಸಿಬಿಟ್ಟಿದ್ದೇವೆ. ಚೀನೀ ಕಲಿಯುವವರು ಅವೆರಡನ್ನೂ ಮತ್ತೆ ಬಿಡಿಸಿಕೊಳ್ಳಬೇಕು, ಆದರೆ ಷ-ಕಾರದಲ್ಲಿ ನಾಲಗೆಯನ್ನು ಟ-ಕಾರದಷ್ಟು ಹಿಂದಕ್ಕೆ ಮಡಚಬಾರದು. ಪಿನ್‌ಯಿನ್‌ನ ‘ಆರ್’ ನಮ್ಮ ರ ಅಲ್ಲ, ತಮಿಳಿನವರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ನುಡಿಯುವ ಧ್ವನಿಗೆ ಹತ್ತಿರ. ಹಳಗನ್ನಡದ ಶಾಸನ ಓದುವವರಿಗೆ ಅದರ ಅಕ್ಷರ ಗೊತ್ತು, ೞ. ಪದದ ಕೊನೆಯ ನ್ ಮತ್ತು ಙ್ ಚೀನೀಯಲ್ಲಿ ಅರ್ಥ ಬದಲಿಸುತ್ತವೆ. ಬಾಯಿಪಾಠದಲ್ಲಿ ಮಾತ್ರ ಉಳಿದಿದ್ದ ಙ ಇಲ್ಲಿ ದಿನವೂ ಕೆಲಸಕ್ಕೆ ಬರುತ್ತದೆ.

ನಮ್ಮಲ್ಲಿ ಎಲ್ಲೂ ಇಲ್ಲದ ಸ್ವರ ಒಂದಿದೆ: ನಾಲಗೆಯನ್ನು ಈ-ಕಾರಕ್ಕೆ ಇಟ್ಟು ತುಟಿಯನ್ನು ಊ-ಕಾರಕ್ಕೆ ದುಂಡು ಮಾಡುವುದು. ಪಿನ್‌ಯಿನ್‌ನಲ್ಲಿ ‘ಯು’ ಮೇಲೆ ಎರಡು ಚುಕ್ಕಿ ಇಡುತ್ತಾರೆ. ಫೋನಿನಲ್ಲಿ ಅದನ್ನು ‘ವಿ’ ಒತ್ತಿ ಬರೆಯಬೇಕು. ಕನ್ನಡಿ ಮುಂದೆ ನಿಂತು ಈ ಎನ್ನುತ್ತಾ ತುಟಿ ಮಾತ್ರ ದುಂಡಗೆ ಮಾಡಿದರೆ ಸಿಗುತ್ತದೆ.

ಇಷ್ಟು ಸಲೀಸಿನ ಮಾತಾಯಿತು. ಈಗ ಸ್ವರದ ಏರಿಳಿತಕ್ಕೆ ಬರುತ್ತೇನೆ, ಅದು ಎಲ್ಲರಿಗೂ ಬೆವರು.

ಚೀನೀಯಲ್ಲಿ ಒಂದೇ ಉಚ್ಚಾರದ ಪದ ಯಾವ ಏರಿಳಿತದಲ್ಲಿ ಬಂತು ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಮಾ ಎಂಬುದನ್ನು ಎತ್ತರದಲ್ಲಿ ಸಮನಾಗಿ ಎಳೆದರೆ ತಾಯಿ, ಏರಿಸಿದರೆ ನಾರಿನ ಗಿಡ, ಕೆಳಗಿಳಿಸಿ ಎತ್ತಿದರೆ ಕುದುರೆ, ಮೇಲಿನಿಂದ ಕಡಿದು ಇಳಿಸಿದರೆ ಬಯ್ಯುವುದು. ಈ ಉದಾಹರಣೆಯನ್ನು ಎಲ್ಲ ಪುಸ್ತಕಗಳೂ ಕೊಡುತ್ತವೆ. ನಮ್ಮಂಥ ವ್ಯಾಪಾರದವರಿಗೆ ಇನ್ನೊಂದು ಹೆಚ್ಚು ಮುಖ್ಯ: ‘ಮಾಯ್’ ಮೂರನೆಯ ಏರಿಳಿತದಲ್ಲಿ ಕೊಳ್ಳುವುದು, ನಾಲ್ಕನೆಯದರಲ್ಲಿ ಮಾರುವುದು. ಫೋನಿನಲ್ಲಿ ಮಾತಾಡುವಾಗ ಇದು ತಪ್ಪಿದರೆ ಎದುರಿಗಿನವನು ತಬ್ಬಿಬ್ಬಾಗುತ್ತಾನೆ.

ಕನ್ನಡದ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ನಾವು ಪ್ರಶ್ನೆ ಕೇಳುವಾಗ ಕೊನೆಯಲ್ಲಿ ದನಿ ಏರಿಸುತ್ತೇವೆ, ಅನುಮಾನವಿದ್ದರೆ ಎಳೆಯುತ್ತೇವೆ, ಸಿಟ್ಟಿದ್ದರೆ ಕಡಿಯುತ್ತೇವೆ. ಏರಿಳಿತ ನಮ್ಮಲ್ಲಿ ಭಾವದ್ದು. ಚೀನೀಯಲ್ಲಿ ಅದು ಪದದ ಮೈಯಲ್ಲೇ ಇದೆ, ಭಾವ ಬಂತೆಂದು ಕೊನೆಯ ಪದವನ್ನು ಏರಿಸಿದರೆ ಪದವೇ ಬೇರೆ ಆಗಬಹುದು. ಆದರೆ ನಾಲ್ಕು ಏರಿಳಿತಗಳು ನಮ್ಮ ಗಂಟಲಿಗೆ ಹೊಸವಲ್ಲ. ಯಾರೋ ಕರೆದದ್ದು ಕೇಳಿಸದೆ “ಹಾಂ?” ಎನ್ನುವಾಗ ಎರಡನೆಯದು ಬರುತ್ತದೆ. ಬೇಸತ್ತು “ಹಾಂ!” ಎಂದು ಮುಗಿಸಿಬಿಡುವಾಗ ನಾಲ್ಕನೆಯದು. ನಾನು ಮೊದಲು ಈ ಹಾಂಗಳನ್ನೇ ಮಾಡಿಸುತ್ತೇನೆ, ಆಮೇಲೆ ಚೀನೀ ಪದ.

ಝಾವ್ ಯ್ವೆನ್‌ರೆನ್ ಎಂಬ ಭಾಷಾಶಾಸ್ತ್ರಜ್ಞರು 1930ರಲ್ಲಿ ಈ ಏರಿಳಿತಗಳನ್ನು ಅಂಕಿಯಲ್ಲಿ ಬರೆಯುವ ದಾರಿ ಹುಡುಕಿದರು. ಅವರು ಸಂಗೀತ ಸಂಯೋಜಕರೂ ಆಗಿದ್ದರು. ಮನುಷ್ಯನ ಮಾತಿನ ದನಿಯನ್ನು ಒಂದರಿಂದ ಐದರವರೆಗೆ ಮೆಟ್ಟಿಲು ಮಾಡಿದರೆ, ಒಂದು ತಗ್ಗು, ಐದು ಎತ್ತರ. ಮೊದಲನೆಯ ಏರಿಳಿತ 55, ಎರಡನೆಯದು 35, ಮೂರನೆಯದು 214, ನಾಲ್ಕನೆಯದು 51. ಈ ಅಂಕಿಗಳನ್ನು ಕೈಯಿಂದ ಗಾಳಿಯಲ್ಲಿ ಬರೆಯುತ್ತಾ ನುಡಿದರೆ ಕಲಿಯುವುದು ಬೇಗ.

ಕುಮಾರ ಗಂಧರ್ವರು ಹುಟ್ಟಿದ್ದು ನಮ್ಮ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ, 1924ರಲ್ಲಿ. ಮಕ್ಕಳಿಗೆ ಹಾಡು ಹೇಳಿಸುವ ಮನೆಗಳು ಈ ಊರಿನಲ್ಲಿ ಇಂದಿಗೂ ಕಡಿಮೆಯಿಲ್ಲ. ಸಂಗೀತ ಕಲಿತವರು ನನ್ನಲ್ಲಿಗೆ ಬಂದಾಗ ಬೇಗ ಹಿಡಿಯುವ ವಿಷಯ ಒಂದುಂಟು: ಹಾಡುವವರು ತಂತಮ್ಮ ಗಂಟಲಿಗೆ ತಕ್ಕ ಷಡ್ಜ ಇಟ್ಟುಕೊಂಡು ಉಳಿದ ಸ್ವರಗಳನ್ನು ಅದರ ಲೆಕ್ಕದಲ್ಲಿ ಹಚ್ಚುವಂತೆ, ಚೀನೀ ಮಾತಾಡುವವರೂ ತಂತಮ್ಮ ದನಿಯ ಲೆಕ್ಕದಲ್ಲಿ ಎತ್ತರ-ತಗ್ಗು ಹಚ್ಚುತ್ತಾರೆ. ಗಂಡಸಿನ ಐದು ಹೆಂಗಸಿನ ಎರಡಕ್ಕಿಂತ ತಗ್ಗಿರಬಹುದು, ಅದರಿಂದ ತೊಂದರೆಯಿಲ್ಲ. ಅಧ್ಯಾಪಕಿಯ ದನಿಯ ಎತ್ತರಕ್ಕೆ ಗಂಟಲು ಕಟ್ಟುವಂತೆ ಕೂಗುವ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಪುಸ್ತಕ ಹೇಳುವ ಮೂರನೆಯ ಏರಿಳಿತ, ಇಳಿದು ಮತ್ತೆ ಏರುವುದು, ನಿಜವಾದ ಮಾತಿನಲ್ಲಿ ಪೂರ್ತಿಯಾಗಿ ಬರುವುದು ಕಡಿಮೆ. ವಾಕ್ಯದ ನಡುವೆ ಅದು ಬರೀ ತಗ್ಗಿ ನಿಲ್ಲುತ್ತದೆ. ಎರಡು ಮೂರನೆಯವು ಅಕ್ಕಪಕ್ಕ ಬಂದರೆ ಮೊದಲನೆಯದು ಎರಡನೆಯದಾಗಿ ಮಾರ್ಪಡುತ್ತದೆ. ಎಲ್ಲರೂ ಮೊದಲು ಕಲಿಯುವ ‘ನೀ ಹಾವ್’ ಎಂಬ ನಮಸ್ಕಾರದಲ್ಲೇ ಈ ನಿಯಮ ಕೂತಿದೆ. ‘ಇಲ್ಲ’ ಎಂಬ ಅರ್ಥದ ‘ಪೂ’ ಮುಂದೆ ನಾಲ್ಕನೆಯದು ಬಂದರೆ ಏರುತ್ತದೆ. ನಿಯಮಗಳನ್ನು ಬರೆದು ಉರು ಹೊಡೆಯುವುದಕ್ಕಿಂತ ಜೋಡಿಪದಗಳನ್ನು ಮಗ್ಗಿಯ ಹಾಗೆ ಹೇಳಿಕೊಳ್ಳುವುದು ಒಳ್ಳೆಯದು. ಒಂದೊಂದೇ ಪದದ ಏರಿಳಿತ ಕಲಿತವರು ವಾಕ್ಯದಲ್ಲಿ ಸೋಲುತ್ತಾರೆ; ಎರಡೆರಡು ಪದ ಜೋಡಿಸಿ ಕಲಿತವರು ಸೋಲುವುದಿಲ್ಲ.

ಮೊದಲ ಕೆಲವು ವಾರ ಧ್ವನಿ ಮತ್ತು ಏರಿಳಿತ ಬಿಟ್ಟು ಬೇರೇನೂ ಬೇಡ ಎನ್ನುವವಳು ನಾನು. ಇದಕ್ಕೆ ಹುಡುಗರು ಒಪ್ಪುವುದಿಲ್ಲ, ಅವರಿಗೆ ಅಕ್ಷರ ಬರೆಯುವ ಆಸೆ. ಅಕ್ಷರ ಯಾವಾಗ ಕಲಿತರೂ ನಡೆಯುತ್ತದೆ. ಕಿವಿ ಮಾತ್ರ ಮೊದಲೇ ತಯಾರಾಗಬೇಕು. ದಿನಕ್ಕೆ ಸ್ವಲ್ಪ ಹೊತ್ತು ಚಿಕ್ಕ ಧ್ವನಿಮುದ್ರಣ ಹಾಕಿ, ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ವೇಗದಲ್ಲಿ ಹೇಳಿ, ತಮ್ಮದನ್ನು ಫೋನಿನಲ್ಲಿ ಮುದ್ರಿಸಿ ಎರಡನ್ನೂ ಪಕ್ಕಪಕ್ಕ ಕೇಳಬೇಕು. ಯಂತ್ರದ ಪಾಳಿ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೋಗುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಬಹುದು, ಬಾಯಿ ತೆರೆಯುವುದನ್ನು ಮನೆಗೆ ಬಂದು ಮಾಡಬಹುದು.

ವ್ಯಾಕರಣದ ಬಗ್ಗೆ ಹೆದರಿಸುವವರು ಕಡಿಮೆ, ಸರಿಯಾಗಿಯೇ. ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಬಂದನು, ಬಂದಳು, ಬಂದರು, ಬಂದೆವು ಎಲ್ಲಕ್ಕೂ ಒಂದೇ ರೂಪ. ನಮಗೆ ತಿರುವು ಬರುವುದು ಕರ್ಮದ ಜಾಗದಲ್ಲಿ: ‘ನಾನು ಚಹಾ ಕುಡಿಯುತ್ತೇನೆ’ ಎನ್ನುವುದು ಅಲ್ಲಿ ‘ನಾನು ಕುಡಿ ಚಹಾ’. ಇದೊಂದನ್ನು ಬಿಟ್ಟರೆ ಕನ್ನಡದಲ್ಲಿ ಯೋಚಿಸಿದವರಿಗೆ ಎಷ್ಟೋ ಕಡೆ ದಾರಿ ತೆರೆದೇ ಇದೆ. ‘ನಿನ್ನೆ ಬಂದ ಹುಡುಗ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಹಿಂದುಮುಂದು ಮಾಡಬೇಕು, ಹುಡುಗ ಮೊದಲು ಬಂದು ವಿವರ ಆಮೇಲೆ ಬರುತ್ತದೆ. ಚೀನೀಯಲ್ಲಿ ‘ನಿನ್ನೆ ಬಾ’ ಎಂದ ಮೇಲೆ ‘ತ’ ಎಂಬ ಚಿಕ್ಕ ಕೊಂಡಿ, ಆಮೇಲೆ ಹುಡುಗ. ನಮ್ಮ ಕ್ರಮವೇ ಅದು. ‘ನಾಳೆ ಪೇಯ್‌ಚಿಂಗ್‌ನಲ್ಲಿ’ ಎಂಬಂಥ ಕಾಲ, ಸ್ಥಳಗಳು ಕ್ರಿಯಾಪದಕ್ಕಿಂತ ಮೊದಲೇ ಬರುತ್ತವೆ, ನಮ್ಮಂತೆಯೇ. ಹೌದು-ಇಲ್ಲ ಪ್ರಶ್ನೆಗೆ ವಾಕ್ಯದ ಕೊನೆಗೆ ‘ಮಾ’ ಸೇರಿಸಿದರೆ ಮುಗಿಯಿತು, ನಾವು ‘ಆ’ ಸೇರಿಸಿ ‘ಬಂದಾನಾ?’ ಎನ್ನುವಂತೆ. ‘ಹೋಗ್ತೀಯೋ ಇಲ್ಲೋ’ ಎಂಬ ನಮ್ಮ ದಾಟಿಗೆ ಅಲ್ಲಿ ‘ಹೋಗು-ಇಲ್ಲ-ಹೋಗು’ ಎಂಬ ದಾಟಿಯಿದೆ.

‘ಲ’ ಎಂಬ ಚಿಕ್ಕ ಪ್ರತ್ಯಯವನ್ನು ವಿವರಿಸಲು ಇಂಗ್ಲಿಷ್ ವ್ಯಾಕರಣಗಳು ಪುಟಗಟ್ಟಲೆ ತೆಗೆದುಕೊಳ್ಳುತ್ತವೆ. ಭೂತಕಾಲವೇ ಎಂದರೆ ಅಲ್ಲ, ಪೂರ್ಣಗೊಂಡ ಕ್ರಿಯೆ ಎಂದರೆ ಅಷ್ಟೂ ಅಲ್ಲ, ಸ್ಥಿತಿ ಬದಲಾಯಿತು ಎಂಬ ಸೂಚನೆಯೂ ಹೌದು. ಕನ್ನಡದವರಿಗೆ ನಾನು ಹೇಳುವುದು ಇಷ್ಟೇ. ಸ್ಟ್ಯಾಂಡಿನಲ್ಲಿ ನಿಂತಾಗ ದೂರದ ತಿರುವಿನಲ್ಲಿ ಬಸ್ಸು ಕಂಡರೆ “ಬಸ್ ಬಂತು” ಎನ್ನುತ್ತೇವೆ, ಅದು ಇನ್ನೂ ಬಂದಿರುವುದಿಲ್ಲ. ಹೊರಗೆ ಯಾರೋ ಕರೆದರೆ ಒಳಗಿನಿಂದ “ಬಂದೆ, ಬಂದೆ” ಎನ್ನುತ್ತೇವೆ, ಇನ್ನೂ ಎದ್ದಿರುವುದಿಲ್ಲ. ಚೀನಾದವರೂ ಅಲ್ಲಿ ‘ಲಾಯ್ ಲ, ಲಾಯ್ ಲ’ ಎನ್ನುತ್ತಾರೆ. ಈ ಎರಡು ಮಾತು ನೆನಪಿದ್ದರೆ ‘ಲ’ದ ಅರ್ಧ ಪಾಠ ಆಯಿತು.

ಅಳತೆಪದಗಳು ಮಾತ್ರ ಬಾಯಿಪಾಠವೇ. ಎಣಿಸುವಾಗ ಸಂಖ್ಯೆ ಮತ್ತು ವಸ್ತುವಿನ ನಡುವೆ ಒಂದು ಪದ ಕಡ್ಡಾಯ: ಪುಸ್ತಕಕ್ಕೆ ಒಂದು, ಚಪ್ಪಟೆಯಾದ ಕಾಗದ-ಮೇಜಿಗೆ ಒಂದು, ಉದ್ದನೆಯ ಹೊಳೆ-ರಸ್ತೆಗೆ ಒಂದು. ಕಲಿಯುವವರೆಗೆ ‘ಕ’ ಎಂಬ ಸಾಮಾನ್ಯ ಅಳತೆಪದ ಹೆಚ್ಚಿನ ಕಡೆ ಕೆಲಸ ಸಾಗಿಸುತ್ತದೆ.

ಸಂಖ್ಯೆಗಳಿಗೆ ಬಂದರೆ ಹನ್ನೊಂದು ಎಂದರೆ ಹತ್ತು-ಒಂದು, ತೊಂಬತ್ತೊಂಬತ್ತು ಎಂದರೆ ಒಂಬತ್ತು-ಹತ್ತು-ಒಂಬತ್ತು. ಹತ್ತರವರೆಗೆ ಬಂದರೆ ತೊಂಬತ್ತೊಂಬತ್ತರವರೆಗೂ ಬಂತು. ವ್ಯಾಪಾರದಲ್ಲಿ ತೊಡಕಾಗುವುದು ದೊಡ್ಡ ಸಂಖ್ಯೆ. ಅವರ ದೊಡ್ಡ ಘಟಕ ‘ವಾನ್’, ಅಂದರೆ 10,000. ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್, ಇಪ್ಪತ್ತೈದು ಲಕ್ಷ ಎಂದರೆ ಇನ್ನೂರೈವತ್ತು ವಾನ್, ಒಂದು ಕೋಟಿ ಎಂದರೆ ಸಾವಿರ ವಾನ್. ಇದನ್ನು ಮಿಲಿಯನ್ ಮೂಲಕ ಲೆಕ್ಕ ಹಾಕುವವರು ಎರಡು ಸಲ ಸೊನ್ನೆ ಎಣಿಸುತ್ತಾರೆ. ಲಕ್ಷದಿಂದ ನೇರ ವಾನ್‌ಗೆ ಹೋದರೆ ಒಂದು ಸೊನ್ನೆ ಸೇರಿಸಿದರೆ ಸಾಕು.

ಇನ್ನು ಅಕ್ಷರ. ಇಲ್ಲಿ ನಮಗೆ ಯಾವ ರಿಯಾಯಿತಿಯೂ ಇಲ್ಲ. ಚೀನಾ ಸರ್ಕಾರ 2013ರಲ್ಲಿ ಪ್ರಕಟಿಸಿದ ಅಕ್ಷರಪಟ್ಟಿಯಲ್ಲಿ 8105 ಅಕ್ಷರಗಳಿವೆ, ಅವುಗಳಲ್ಲಿ ದಿನಬಳಕೆಯ ಮೊದಲ ದರ್ಜೆಯವು 3500. ಈ ಅಂಕಿ ನೋಡಿ ಹಲವರು ಪುಸ್ತಕ ಮುಚ್ಚುತ್ತಾರೆ. ಆದರೆ ಅಕ್ಷರಗಳು ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳೆಂದು ತಿಳಿಯುವುದು ತಪ್ಪು. ಬಹುಪಾಲು ಅಕ್ಷರಗಳಲ್ಲಿ ಎರಡು ಭಾಗಗಳಿರುತ್ತವೆ, ಒಂದು ಅರ್ಥದ ಸುಳಿವು, ಇನ್ನೊಂದು ಉಚ್ಚಾರದ ಸುಳಿವು. ‘ಛಿಂಗ್’ ಎಂಬ ಒಂದು ಭಾಗವಿದೆ. ಅದರ ಎಡಕ್ಕೆ ನೀರಿನ ಮೂರು ಹನಿ ಹಾಕಿದರೆ ತಿಳಿಯಾದದ್ದು, ಸೂರ್ಯನನ್ನು ಹಾಕಿದರೆ ಮೋಡವಿಲ್ಲದ ಹವೆ, ಹೃದಯ ಹಾಕಿದರೆ ಭಾವನೆ, ಮಾತಿನ ಚಿಹ್ನೆ ಹಾಕಿದರೆ ವಿನಂತಿ. ನಾಲ್ಕೂ ಛಿಂಗ್ ಎಂದೇ ಉಚ್ಚಾರ, ಏರಿಳಿತ ಮಾತ್ರ ಬೇರೆಯಾಗಬಹುದು. 1716ರ ಖಾಂಗ್‌ಶೀ ನಿಘಂಟು ಇಂಥ ಮೂಲ ಚಿಹ್ನೆಗಳನ್ನು 214 ಎಂದು ಎಣಿಸಿ ಅದರಂತೆ ಅಕ್ಷರಗಳನ್ನು ಜೋಡಿಸಿತು. ಆ 214ರಲ್ಲಿ ಹೆಚ್ಚು ಬರುವ ಕೆಲವನ್ನು ಮೊದಲು ಕಲಿತವರಿಗೆ ಹೊಸ ಅಕ್ಷರ ಕಂಡಾಗ ಅದು ನೀರಿನ ಕುಟುಂಬದ್ದೋ, ಲೋಹದ್ದೋ, ಮರದ್ದೋ ಎಂದಾದರೂ ತಿಳಿಯುತ್ತದೆ.

ಬರೆಯಬೇಕೇ ಎಂದು ಕೇಳುತ್ತಾರೆ. ಫೋನಿನಲ್ಲಿ ಪಿನ್‌ಯಿನ್ ಒತ್ತಿದರೆ ಅಕ್ಷರಗಳ ಸಾಲು ಬರುತ್ತದೆ, ಆರಿಸಿದರೆ ಆಯಿತು. ಚೀನಾದವರೂ ದಿನವೂ ಹಾಗೆಯೇ ಬರೆಯುತ್ತಾರೆ. ಆದರೂ ಮೊದಲ ನೂರಿನ್ನೂರು ಅಕ್ಷರ ಕೈಯಿಂದಲೇ ಬರೆಯಬೇಕು ಎಂಬ ಪಕ್ಷ ನನ್ನದು. ಮಕ್ಕಳ ಲೆಕ್ಕದ ಚೌಕದ ನೋಟ್‌ಬುಕ್ ತಂದು ಚೌಕಕ್ಕೆ ಒಂದು ಅಕ್ಷರ; ಮೇಲಿನದು ಮೊದಲು, ಎಡದ್ದು ಮೊದಲು, ಅಡ್ಡಗೆರೆ ಆದ ಮೇಲೆ ಉದ್ದಗೆರೆ. ಕೈಗೆ ಕ್ರಮ ಬಂದ ಮೇಲೆ ಕಣ್ಣಿಗೆ ಭಾಗಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ, ಬರೀ ಫೋನಿನಲ್ಲಿ ಕಲಿತವರಿಗೆ ಹೀಗೆ ಕಾಣುವುದು ನಿಧಾನ.

ಯಾವ ಅಕ್ಷರದಿಂದ ಶುರು? ನಮ್ಮ ಉದ್ಯಮಬಾಗದ ಹುಡುಗರಿಗೆ ನಾನು ಪಠ್ಯಪುಸ್ತಕದ ಮೊದಲ ಪಾಠದಿಂದ ಶುರು ಮಾಡಿಸುವುದಿಲ್ಲ. ಅವರ ಯಂತ್ರದ ಫಲಕದ ಮೇಲೆ ಇರುವುದೇ ಪಾಠ. ತೆರೆ, ಮುಚ್ಚು, ನಿಲ್ಲು, ವಿದ್ಯುತ್, ನೀರು, ಎಣ್ಣೆ, ಒತ್ತಡ, ಉಷ್ಣತೆ, ತುರ್ತು ನಿಲುಗಡೆ. ದಿನಕ್ಕೆ ಹತ್ತಾರು ಸಲ ಕಣ್ಣಿಗೆ ಬೀಳುವ ಅಕ್ಷರ ಮರೆಯುವುದಿಲ್ಲ. ವಿದ್ಯುತ್ತಿನ ‘ತ್ಯೆನ್’ ಗೊತ್ತಾದವನಿಗೆ ಫೋನು, ಕಂಪ್ಯೂಟರು, ಸಿನಿಮಾ, ಬ್ಯಾಟರಿ ಎಂಬ ಪದಗಳ ಮೊದಲ ಅರ್ಧ ಗೊತ್ತಾದಂತೆಯೇ, ಎಲ್ಲವೂ ಅದೇ ಅಕ್ಷರದಿಂದ ಶುರುವಾಗುತ್ತವೆ. ವೈದ್ಯಕೀಯಕ್ಕೆ ಹೋಗುವವರಿಗೆ ಪಟ್ಟಿ ಬೇರೆ: ನೋವು, ಜ್ವರ, ಕೆಮ್ಮು, ಹೊಟ್ಟೆ, ಎಲ್ಲಿ, ಎಂದಿನಿಂದ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲ.

ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ನೆನಪು ಬರುವುದು ಇಲ್ಲೇ. ವಿಜಯಪುರದವರಿಗೆ ಸೊಲ್ಲಾಪುರ ಪಕ್ಕದ ಊರು. 1910ರಲ್ಲಿ ಹುಟ್ಟಿದ ಅವರು 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು, ಅಲ್ಲಿಯ ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಭಾಷೆ ಕಲಿತರು, ಕ್ವೋ ಛಿಂಗ್‌ಲಾನ್ ಎಂಬ ಚೀನೀ ಮಹಿಳೆಯನ್ನು ಮದುವೆಯಾದರು, 1942ರ ಡಿಸೆಂಬರಿನಲ್ಲಿ 32ನೆಯ ವಯಸ್ಸಿಗೇ ಅಲ್ಲಿ ತೀರಿಕೊಂಡರು. ಆಗ ಆ್ಯಪ್ ಇರಲಿಲ್ಲ, ಧ್ವನಿಮುದ್ರಣ ಕೈಗೆ ಸಿಗುತ್ತಿರಲಿಲ್ಲ. ರೋಗಿಯ ಮಾತು ತಿಳಿಯಲೇಬೇಕಿತ್ತು. ಕೆಲಸದಿಂದ ಭಾಷೆಗೆ ಹೋಗುವ ದಾರಿ ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮ ಸೀಮೆಯ ಪಕ್ಕದಲ್ಲೇ ಇರುವ ಸಾಕ್ಷಿ ಅವರು.

ಅವರಿಗಿಂತ ಸಾವಿರದ ಮುನ್ನೂರು ವರ್ಷ ಹಿಂದೆ ಭಾಷೆಗಾಗಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರೊಬ್ಬರು ನಮ್ಮ ಶಾಲಾಪುಸ್ತಕದಲ್ಲಿದ್ದಾರೆ. ಹ್ಯೂಯೆನ್‌ತ್ಸಾಂಗ್ ಎಂದು ನಾವು ಓದಿದ, ಇಂದಿನ ಉಚ್ಚಾರದಲ್ಲಿ ಶ್ವೆನ್ ತ್ಸಾಂಗ್, ನಳಂದದಲ್ಲಿ ಸಂಸ್ಕೃತ ಗ್ರಂಥಗಳನ್ನು ಅಭ್ಯಾಸ ಮಾಡಿ 645ರಲ್ಲಿ ಚೀನಾಕ್ಕೆ ಮರಳಿದರು. ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಕಂಡಿದ್ದರು, ಹರ್ಷನಿಗೆ ಈ ರಾಜ ಮಣಿಯಲಿಲ್ಲ ಎಂದು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದರು. ಐಹೊಳೆಯಲ್ಲಿ ರವಿಕೀರ್ತಿಯ ಶಾಸನ ಹೇಳುವ ಗೆಲುವನ್ನೇ ಚೀನೀ ಬರಹವೂ ಹೇಳುತ್ತದೆ. ಪುಲಕೇಶಿಯ ಹೆಸರನ್ನು ಅವರು ನಾಲ್ಕು ಚೀನೀ ಅಕ್ಷರಗಳಲ್ಲಿ ಬರೆದರು, ಇಂದು ಓದಿದರೆ ‘ಪು-ಲ್ವೊ-ಚೀ-ಷ’ ಎಂಬಂತೆ ಕೇಳುತ್ತದೆ. ಮುಂದುವರಿದ ವಿದ್ಯಾರ್ಥಿಗಳಿಗೆ ನಾನು ಆ ನಾಲ್ಕು ಅಕ್ಷರ ಬರೆಯಲು ಹೇಳುತ್ತೇನೆ. ಪರದೇಶದ ಹೆಸರನ್ನು ಚೀನೀ ಅಕ್ಷರಗಳು ಹೇಗೆ ಬರೀ ಧ್ವನಿಗಾಗಿ ಹೊತ್ತುಕೊಳ್ಳುತ್ತವೆ ಎಂಬ ಪಾಠಕ್ಕೆ ಬಾಗಲಕೋಟೆ ಜಿಲ್ಲೆಯ ರಾಜನ ಹೆಸರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಾಧನಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಿಘಂಟಿಗೆ ಪ್ಲೆಕೊ ಆ್ಯಪ್ ಸಾಕು, ಮೂಲ ಆವೃತ್ತಿಗೆ ಹಣವಿಲ್ಲ. ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ತೋರಿಸುವ ಆ್ಯಂಕಿ ಎಂಬ ಆ್ಯಪ್ ಆ್ಯಂಡ್ರಾಯ್ಡ್ ಫೋನಿನಲ್ಲಿ ಉಚಿತ. ಅದರಲ್ಲಿ ಸಿದ್ಧ ಕಾರ್ಡುಗಳನ್ನು ಇಳಿಸಿಕೊಳ್ಳುವ ಬದಲು ಕನ್ನಡ ಅರ್ಥ ಹಾಕಿ ತಾವೇ ಮಾಡಿಕೊಳ್ಳಬೇಕು. ಮಾತಾಡಲು ಚೀನೀ ಗೆಳೆಯರು ಸಿಗುವುದು ನಮಗೆ ಕಷ್ಟ. ಅಲ್ಲಿಯವರೆಲ್ಲ ಬಳಸುವ ವೀಚಾಟ್ ಆ್ಯಪನ್ನು 2020ರ ಜೂನ್‌ನಲ್ಲಿ ಇನ್ನೂ 58 ಆ್ಯಪ್‌ಗಳ ಜೊತೆ ಭಾರತ ಸರ್ಕಾರ ನಿಷೇಧಿಸಿತು. ಭಾಷಾ ವಿನಿಮಯದ ಬೇರೆ ವೇದಿಕೆಗಳಲ್ಲಿ ಯಾರಾದರೂ ಸಿಕ್ಕರೆ ಹೊತ್ತು ನೋಡಿ ಕರೆ ಮಾಡಿ: ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ನಮ್ಮ ಸಂಜೆ ಏಳೂವರೆ ಎಂದರೆ ಅವರಿಗೆ ರಾತ್ರಿ ಹತ್ತು. ದಕ್ಷಿಣ ಚೀನಾದ ಮಾರಾಟಗಾರರು ನಾಲಗೆ ಮಡಚುವ ಧ್ವನಿಗಳನ್ನು ಮಡಚದೆ ನುಡಿಯುತ್ತಾರೆ, ಷ ಅಲ್ಲಿ ಸ ಆಗುತ್ತದೆ. ಪುಸ್ತಕದ ಉಚ್ಚಾರ ಕಲಿತವರು ಗಾಬರಿಯಾಗಬಾರದು. ಬೆಂಗಳೂರಿನವರು ನಮ್ಮ ಮಾತು ಕೇಳುವಾಗಲೂ ಮೊದಲು ತಡವರಿಸುತ್ತಾರೆ.

ಚೀನೀ ಎಷ್ಟು ಬರುತ್ತದೆಂದು ಅಳೆಯುವ ಎಚ್‌ಎಸ್‌ಕೆ ಎಂಬ ಪರೀಕ್ಷೆ ಬರೆಯಬೇಕೇ? ಓದಲು ಅಥವಾ ನೌಕರಿಗೆ ಹೋಗುವವರು ಬರೆಯುವುದು ಒಳ್ಳೆಯದು. 2010ರ ಕ್ರಮದಲ್ಲಿ ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300, ನಾಲ್ಕನೆಯದಕ್ಕೆ 1200 ಇದ್ದವು. 2021ರಲ್ಲಿ ಪ್ರಕಟವಾದ ಹೊಸ ಮಾನದಂಡ ಹಂತಗಳನ್ನು ಒಂಬತ್ತಕ್ಕೆ ಏರಿಸಿತು, ಮೊದಲ ಹಂತಕ್ಕೇ 300 ಅಕ್ಷರ, 500 ಪದ ಇಟ್ಟಿತು. ಅರ್ಜಿ ಹಾಕುವ ಮುನ್ನ ತಮಗೆ ಯಾವ ಕ್ರಮದ ಪರೀಕ್ಷೆ ಎಂದು ಕೇಳಿಕೊಳ್ಳಿ, ಹಳೆಯ ಪದಪಟ್ಟಿ ಹಿಡಿದು ಓದಿದವರಿಗೆ ತೊಂದರೆಯಾಗುತ್ತದೆ. ಕಾರ್ಖಾನೆಯವರಿಗೆ ಪರೀಕ್ಷೆಯ ಅಗತ್ಯವಿಲ್ಲ, ಆದರೂ ಎರಡನೆಯ ಹಂತದ ಮಾದರಿ ಪತ್ರಿಕೆಯ ಕೇಳುವ ಭಾಗವನ್ನು ಮಾಡಿ ನೋಡಿ ಎನ್ನುತ್ತೇನೆ.

ನನ್ನಲ್ಲಿಗೆ ಬರುವವರಿಗಾಗಿ ಕನ್ನಡದಲ್ಲೇ ಒಂದು ಮೊದಲ ಪಾಠಮಾಲೆ ಬರೆಯುತ್ತಿದ್ದೇನೆ. ಧ್ವನಿಗಳ ಪಟ್ಟಿ ಮುಗಿದಿದೆ: ಪಿನ್‌ಯಿನ್ ಅಕ್ಷರ ಒಂದು ಕಡೆ, ಅದರ ಎದುರು ಕನ್ನಡದ ವರ್ಣ, ಕನ್ನಡದಲ್ಲಿ ಇಲ್ಲದಿದ್ದರೆ ಮರಾಠಿ ಅಥವಾ ದಖನಿಯ ಒಂದು ಪದ. ಏರಿಳಿತದ ಜೋಡಿಪದಗಳ ಪಾಠ ಅರ್ಧ ಆಗಿದೆ. ಯಂತ್ರದ ಫಲಕದ ಪದಗಳನ್ನು ಹುಡುಗರೇ ಫೋಟೊ ತೆಗೆದು ತಂದುಕೊಡುತ್ತಿದ್ದಾರೆ. ಇಳಕಲ್, ಗುಳೇದಗುಡ್ಡದ ಕಡೆ ಚೀನಾದ ರೇಷ್ಮೆ ನೂಲು ಕೊಳ್ಳುವವರಿದ್ದರೆ, ನೂಲಿನ ಕಟ್ಟಿನ ಚೀಟಿಯ ಮೇಲೆ ಏನೇನು ಬರೆದಿರುತ್ತದೆ ಎಂಬುದರ ಚಿತ್ರ ಕಳಿಸಿಕೊಡಿ. ನೇಕಾರರಿಗೆ ಬೇಕಾಗುವ ಪದಗಳ ಪಾಠ ಇನ್ನೂ ಖಾಲಿಯಿದೆ.